ಏಳನೆಯ ಕಂಪ್ಯೂಟರಿನ ಲಾಗ್ ಮತ್ತು ನಮ್ಮ ಮಾಬ್ಲೇಶ್ವರ ಗೌಡರು

ಕಾರವಾರ, ಅಂಕೋಲೆ ಸೀಮೆಯಲ್ಲಿ ಕಂಪ್ಯೂಟರ್ ಕಲಿಸಿದವರು ಹಲವರಿದ್ದಾರೆ, ಮಾರಿದವರು ಇನ್ನೂ ಹಲವರಿದ್ದಾರೆ. ಆದರೆ ಕಂಪ್ಯೂಟರು ತನ್ನ ಪಾಡಿಗೆ ತಾನು ಬರೆದಿಟ್ಟುಕೊಳ್ಳುವ ದಿನಚರಿಯನ್ನು ಸಾವಧಾನದಿಂದ ಓದುವ ವಿದ್ಯೆಯನ್ನು ಇಲ್ಲಿನ ಮಕ್ಕಳಿಗೆ ದಾಟಿಸಿದವರು ಯಾರೆಂದು ಕೇಳಿದರೆ, ನಾನು ಬಲ್ಲ ಮಟ್ಟಿಗೆ ಹೆಸರು ಒಂದೇ: ಶ್ರೀ ಮಾಬ್ಲೇಶ್ವರ ರಾಮಾ ಗೌಡರು. ಆ ದಿನಚರಿಗೆ ನಮ್ಮ ಕಸುಬಿನಲ್ಲಿ ಲಾಗ್ ಎನ್ನುತ್ತಾರೆ. ಯಾವ ಕಂಪ್ಯೂಟರಿನಿಂದ ಯಾವ ಹೊತ್ತಿಗೆ ಏನು ಕೇಳಿದರು, ಏನು ತಿದ್ದಿದರು ಎಂಬುದೆಲ್ಲ ಅದರಲ್ಲಿ ಸಾಲುಸಾಲಾಗಿ ಬೀಳುತ್ತದೆ, ಯಾರೂ ಓದುವುದಿಲ್ಲ. ಗೌಡರು ಓದುತ್ತಿದ್ದರು. ಮೂವತ್ತೈದು ವರ್ಷಗಳ ಸೇವೆ ಮುಗಿಸಿ ಈ ಜೂನ್ ತಿಂಗಳಲ್ಲಿ, ಅಂದರೆ ೨೦೦೯ರ ಮಳೆಗಾಲದ ಬಾಗಿಲಲ್ಲಿ, ಅವರು ಕಾರವಾರದ ನಮ್ಮ ತಾಂತ್ರಿಕ ವಿದ್ಯಾಲಯದಿಂದ ನಿವೃತ್ತರಾಗುತ್ತಿದ್ದಾರೆ.

ಮೊದಲು ಅವರ ವಿದ್ಯಾರ್ಥಿನಿಯಾಗಿ ಮೂರು ವರ್ಷ, ಅನಂತರ ಸಹೋದ್ಯೋಗಿಯಾಗಿ ಆರು ವರ್ಷ, ಅವರ ನೆರಳಿನಲ್ಲೇ ಬೆಳೆದ ಅಮಿತಾ ನಾಯ್ಕ ಎಂಬ ನಾನು ಈ ಅಭಿನಂದನ ಗ್ರಂಥಕ್ಕೆ ನಾಲ್ಕು ಪುಟ ಬರೆಯಬೇಕೆಂದು ಸಂಪಾದಕರು ಅಪ್ಪಣೆ ಕೊಟ್ಟಾಗ ಹಿಗ್ಗಿಗಿಂತ ಹೆದರಿಕೆಯೇ ಹೆಚ್ಚಾಯಿತು. ಯಾಕೆಂದು ಮುಂದೆ ಹೇಳುತ್ತೇನೆ. ಹೇಳದೆ ಲೇಖನ ಮುಗಿಸುವ ಉಪಾಯಗಳನ್ನೂ ಹುಡುಕಿದೆ. ಮೂರು ಸಲ ಬರೆದು ಹರಿದೆ.

ಹಾರವಾಡದಲ್ಲಿ ತರಕಾರಿ ಬೆಳೆದು ತಲೆಯ ಮೇಲೆ ಹೊತ್ತು ಅಂಕೋಲೆ ಪೇಟೆಗೆ ಒಯ್ಯುತ್ತಿದ್ದ ಮನೆತನದಲ್ಲಿ ಹುಟ್ಟಿದ ಗೌಡರು ೧೯೭೪ರಲ್ಲಿ ನಮ್ಮ ವಿದ್ಯಾಲಯದ ಕಾರ್ಯಾಗಾರಕ್ಕೆ ಮೆಕ್ಯಾನಿಕ್ ಆಗಿ ಸೇರಿದರು. ಹದಿನೈದು ವರ್ಷ ಲೇತು, ಬೆಸುಗೆ, ಕೆಟ್ಟ ಫ್ಯಾನು. ೧೯೮೯ರಲ್ಲಿ ಮೊದಲ ಕಂಪ್ಯೂಟರು ಬಂದಾಗ ಅದನ್ನು ಬಿಚ್ಚಿ ಮತ್ತೆ ಕೂಡಿಸಬಲ್ಲ ಧೈರ್ಯ ಇದ್ದವರು ಅವರೊಬ್ಬರೇ ಆದ್ದರಿಂದ, ಅದರ ಕೋಣೆಯ ಬೀಗದಕೈಯೂ ಅವರ ಸೊಂಟಕ್ಕೇ ಬಂತು. ಪುಸ್ತಕ ಹಿಡಿದು, ಶಬ್ದಕೋಶ ಹಿಡಿದು, ತಾನೇ ಕಲಿತರು. ನಲವತ್ತು ದಾಟಿದ ಮೇಲೆ ಇಂಗ್ಲಿಷಿನಲ್ಲಿ ಅಷ್ಟು ದಪ್ಪ ಪುಸ್ತಕ ಓದಿದ ಇನ್ನೊಬ್ಬರನ್ನು ನಾನು ನೋಡಿಲ್ಲ.

ನಾನು ವಿದ್ಯಾರ್ಥಿನಿಯಾಗಿದ್ದ ಕಾಲದ ಅವರ ಚಿತ್ರ ಈಗಲೂ ಕಣ್ಣೆದುರಿಗಿದೆ. ಅರ್ಧ ತೋಳಿನ ಬಿಳಿ ಅಂಗಿ, ಕಿಸೆಯಲ್ಲಿ ಟೆಸ್ಟರ್, ಬಲಗೈಯಲ್ಲಿ ಕೀಲಿಗೊಂಚಲು, ಎಡಗೈಯಲ್ಲಿ ದೊಡ್ಡ ಮುಳ್ಳಿನ ಒಂದು ಗಡಿಯಾರ. ಮೇ ತಿಂಗಳಲ್ಲಿ ಊರಿನ ಕರಿ ಈಶಾಡು ಮಾವಿನಹಣ್ಣು ಚೀಲ ತುಂಬ ತಂದು ಹಾಸ್ಟೆಲಿನ ಮಕ್ಕಳಿಗೆ ಹಂಚುವರು. ಇಡೀ ಕಟ್ಟಡದಲ್ಲಿ ತಣ್ಣಗಿದ್ದದ್ದು ಕಂಪ್ಯೂಟರ್ ಕೋಣೆ ಒಂದೇ ಆದರೂ ಹಣ್ಣನ್ನು ಅಲ್ಲಿ ಮಾತ್ರ ಇಡಲು ಬಿಡುತ್ತಿರಲಿಲ್ಲ. "ಇರುವೆ ಬಂದ್ರೆ ಬೋರ್ಡು ಹೋತದೆ. ಹಣ್ಣು ಹೋದ್ರೆ ಹೋಗ್ಲಿ" ಎನ್ನುವರು. ಫೀಸು ಕಟ್ಟಲಾಗದೆ ಓದು ಬಿಡುವ ಯೋಚನೆಯಲ್ಲಿದ್ದ ನನ್ನನ್ನು ಸಂಜೆ ಪ್ರಯೋಗಾಲಯದ ಕೆಲಸಕ್ಕೆ ಹಚ್ಚಿ, ಪ್ರಾಚಾರ್ಯರಿಗೆ ಅವರೇ ಅರ್ಜಿ ಬರೆದುಕೊಟ್ಟು, ಕೊನೆಯ ವರ್ಷ ದಾಟಿಸಿದವರು ಅವರು. ಇದನ್ನು ಅವರು ಯಾರ ಮುಂದೆಯೂ ಹೇಳಿಲ್ಲ. ನಾನು ಹೇಳುತ್ತಿದ್ದೇನೆ, ಯಾಕೆಂದರೆ ಮುಂದೆ ಬರುವ ಸಂಗತಿ ಓದುವಾಗ ನನಗೆ ಅವರ ಋಣ ಮೊದಲೇ ಎಷ್ಟಿತ್ತೆಂದು ಓದುಗರಿಗೆ ತಿಳಿದಿರಬೇಕು.

೨೦೦೧ರಲ್ಲಿ ಇಪ್ಪತ್ತು ಕಂಪ್ಯೂಟರುಗಳನ್ನು ಒಂದೇ ಜಾಲಕ್ಕೆ ಕಟ್ಟಿ, ಮಾಸಿಕವೊಂದರ ಜೊತೆಗೆ ಬಂದ ಸಿ.ಡಿ.ಯಿಂದ ಲಿನಕ್ಸ್ ಹಾಕಿ, ಅವರು ಮೊದಲ ಸರ್ವರ್ ಸ್ಥಾಪಿಸಿದರು. ಯಾರೋ ದೂರದೂರದವರು ಬರೆದು ಎಲ್ಲರಿಗೂ ಬಿಟ್ಟುಕೊಟ್ಟ, ಒಳಗಿನ ಬರವಣಿಗೆಯನ್ನೂ ತೆರೆದೇ ಇಟ್ಟ ಇಂಥ ಮುಕ್ತ ತಂತ್ರಾಂಶಗಳೆಂದರೆ ಗೌಡರಿಗೆ ಜೀವ. "ಬಾವಿ ತೋಡ್ದಂವ ಹಗ್ಗನೂ ಇಟ್ಟೇ ಹೋಗ್ಯಾನೆ, ನಾವು ಸೇದುಕೆ ಕಲೀಬೇಕಷ್ಟೆ" ಎಂದು ತರಗತಿಯಲ್ಲಿ ಹೇಳುವರು. ನಾನು ೨೦೦೩ರಲ್ಲಿ ಉಪನ್ಯಾಸಕಿಯಾಗಿ ಮರಳಿ ಬರುವ ಹೊತ್ತಿಗೆ ಅಂಕಗಳೆಲ್ಲ ದತ್ತಸಂಚಯಕ್ಕೆ, ಅಂದರೆ ಡೇಟಾಬೇಸಿಗೆ, ಸೇರಿದ್ದವು. ಅದರ ಲಾಗ್ ಒಂದು ಕಡೆ, ಜಾಲದ ಲಾಗ್ ಇನ್ನೊಂದು ಕಡೆ ಬೆಳೆಯುತ್ತಿದ್ದವು. ಎರಡನ್ನೂ ಹೊತ್ತಿನ ಪ್ರಕಾರ ಒಂದೇ ಪಟ್ಟಿಗೆ ಹೊಂದಿಸಿ ಬೇಕಾದ ಸಾಲನ್ನಷ್ಟೇ ಸೋಸಿ ಕೊಡುವ ಸಣ್ಣ ತಂತ್ರಾಂಶವೊಂದನ್ನು ಅವರು ೨೦೦೪ರ ರಜೆಯಲ್ಲಿ ಬರೆದರು, ಜರಡಿ ಎಂದು ಹೆಸರಿಟ್ಟರು, ಯಾರು ಬೇಕಾದರೂ ಇಳಿಸಿಕೊಂಡು ತಿದ್ದಿಕೊಳ್ಳಲೆಂದು ಅಂತರ್ಜಾಲದಲ್ಲಿ ಬಿಟ್ಟರು. ಎಲ್ಲಿಯದೋ ಊರಿನಿಂದ ಯಾರೋ ಅದರ ತಪ್ಪೊಂದನ್ನು ತಿದ್ದಿ ಕಳಿಸಿದ ದಿನ ಆಫೀಸಿಗೆಲ್ಲ ಪೇಡೆ ಹಂಚಿದರು. ತಪ್ಪು ಸಿಕ್ಕಿದ್ದಕ್ಕೆ ಪೇಡೆ ಹಂಚಿದ ಮನುಷ್ಯನನ್ನು ಕಂಡು ನಾವೆಲ್ಲ ನಕ್ಕೆವು.

ಈಗ ೨೦೦೫ರ ಡಿಸೆಂಬರಿಗೆ ಬರುತ್ತೇನೆ.

ಆಗ ನಮ್ಮಲ್ಲಿ ದುರ್ಗಾ ಹರಿಕಂತ್ರ ಎಂಬ ಹುಡುಗಿ ತಾತ್ಕಾಲಿಕ ನೇಮಕದ ಮೇಲೆ ಅಂಕ ತುಂಬುವ ಕೆಲಸ ಮಾಡುತ್ತಿದ್ದಳು. ನೌಕಾನೆಲೆಗೆ ಊರು ಬಿಟ್ಟುಕೊಟ್ಟು ತೋಡೂರಿಗೆ ಬಂದು ನೆಲೆಸಿದ ಮನೆ ಅವಳದು. ಕಡಲು ದೂರವಾಗಿ ಅಪ್ಪನ ದೋಣಿ ಹೋಗಿತ್ತು. ಮನೆಯಲ್ಲಿ ತಿಂಗಳ ಸಂಬಳವೆಂದು ಬರುತ್ತಿದ್ದುದು ಇವಳದೊಂದೇ. ಮೂರು ವರ್ಷ ದುಡಿದಿದ್ದ ಅವಳ ಹೆಸರು ಜನವರಿಯಲ್ಲಿ ಕಾಯಮಾಗುವವರ ಪಟ್ಟಿಯಲ್ಲಿತ್ತು. ಅದೇ ಪಟ್ಟಿಯಲ್ಲಿ, ಪರೀಕ್ಷಾರ್ಥ ಸೇವಾವಧಿ ಮುಗಿಸುತ್ತಿದ್ದ ನನ್ನ ಹೆಸರೂ ಇತ್ತು.

ಒಂದು ಬುಧವಾರ ಎಲೆಕ್ಟ್ರಾನಿಕ್ಸ್ ವಿಷಯದ ಅಧ್ಯಾಪಕರೊಬ್ಬರು ಬಂದು, ತಮ್ಮ ಹನ್ನೊಂದು ವಿದ್ಯಾರ್ಥಿಗಳ ಆಂತರಿಕ ಅಂಕ ತಾವು ಕೊಟ್ಟದ್ದಕ್ಕಿಂತ ಐದೈದು ಹೆಚ್ಚಾಗಿದೆ ಎಂದರು. ಯಾರೋ ತಿದ್ದಿದ್ದಾರೆ ಎಂದು ಗದ್ದಲವಾಯಿತು. ಗೌಡರು ಸುಂಕಸಾಳದ ನೆಂಟರ ಮನೆ ಮದುವೆಗೆಂದು ಎರಡು ದಿನದ ರಜೆಯಲ್ಲಿದ್ದರು. ನನ್ನದು ಮೊದಲಿನಿಂದಲೂ ಅವಸರದ ಬುದ್ಧಿ. ಗುರುಗಳ ಜರಡಿಯಲ್ಲೇ ಕಳ್ಳರನ್ನು ಹಿಡಿದು ತೋರಿಸುತ್ತೇನೆಂದು ಸೆರಗು ಕಟ್ಟಿ ಕೂತೆ.

ಲಾಗ್ ಹೇಳಿದ್ದು ಇಷ್ಟು. ಸೋಮವಾರ ನಾಲ್ಕು ಐವತ್ತೆರಡಕ್ಕೆ, ಏಳನೆಯ ಕಂಪ್ಯೂಟರಿನಿಂದ, ಒಂದೇ ಆದೇಶದಲ್ಲಿ ಹನ್ನೊಂದು ಮಂದಿಗೂ ಐದಂಕ ಸೇರಿದೆ. ಆಗ ನಮಗೆಲ್ಲ ಸೇರಿ ಒಂದೇ ಪಾಸ್‌ವರ್ಡ್. ಆದ್ದರಿಂದ ಯಾರು ಎಂಬುದು ಲಾಗಿನಲ್ಲಿರಲಿಲ್ಲ. ಅದಕ್ಕೆ ಪ್ರಯೋಗಾಲಯದ ಬಾಗಿಲಲ್ಲಿಟ್ಟ ರಿಜಿಸ್ಟರ್ ನೋಡಿದೆ. ಗೋಡೆ ಗಡಿಯಾರ ನೋಡಿ, ಕೂತ ಕಂಪ್ಯೂಟರಿನ ಸಂಖ್ಯೆ ಬರೆದು ಸಹಿ ಹಾಕುವುದು ಅಲ್ಲಿನ ಪದ್ಧತಿ. ಏಳನೆಯ ಕಂಪ್ಯೂಟರು, ನಾಲ್ಕು ನಲವತ್ತರಿಂದ ಐದರವರೆಗೆ, ದುರ್ಗಾ. ಆ ಹನ್ನೊಂದು ಮಕ್ಕಳಲ್ಲಿ ಒಬ್ಬ ಅವಳ ತಮ್ಮ ಭರತ. ಉಳಿದ ಹತ್ತು ಮಂದಿಗೆ ಯಾಕೆ ಸೇರಿಸಿದಳು ಎಂದು ಪ್ರಾಚಾರ್ಯರು ಕೇಳಿದಾಗ, ತಮ್ಮನೊಬ್ಬನದೇ ಎದ್ದು ಕಾಣಬಾರದೆಂದು ಉಳಿದವರನ್ನೂ ಸೇರಿಸಿದ್ದಾಳೆ ಎಂದು ನಾನೇ ಕಥೆ ಕಟ್ಟಿ ಹೇಳಿದೆ. ಆದೇಶ ಬರೆದ ರೀತಿ ಥೇಟು ನಿನ್ನದರಂತಿದೆಯಲ್ಲ ಎಂದು ಅವರು ಅಂದದ್ದಕ್ಕೆ, ನಾನೇ ಅವಳಿಗೆ ಕಲಿಸಿದ್ದು ಸರ್ ಎಂದು ಬೀಗಿದೆ. ಇದನ್ನು ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ.

ದುರ್ಗಾಳನ್ನು ಕರೆಸಿದರು. ಅವಳು ಅಳಲಿಲ್ಲ. "ನಾ ಮುಟ್ಟಲಿಲ್ಲ ಅಕ್ಕೋರೇ" ಎಂದು ನನ್ನ ಕಡೆಗೇ ತಿರುಗಿ ಹೇಳಿದಳು; ನಮ್ಮ ಕಡೆ ಕಲಿಸುವ ಹೆಂಗಸರಿಗೆಲ್ಲ ಅಕ್ಕೋರು ಎಂದೇ ಕರೆಯುವುದು. "ಲಾಗ್ ಸುಳ್ಳು ಹೇಳೋದಿಲ್ಲ ದುರ್ಗಾ" ಎಂದೆ ನಾನು. ಶನಿವಾರ ಹತ್ತೂವರೆಗೆ ಆಡಳಿತ ಮಂಡಳಿಯ ಸಭೆ, ಅಲ್ಲಿ ಅವಳ ಹೆಸರು ಪಟ್ಟಿಯಿಂದ ತೆಗೆದು ಕೆಲಸದಿಂದಲೂ ಬಿಡಿಸುವುದೆಂದು ನಿಶ್ಚಯವಾಯಿತು.

ಗೌಡರು ಶುಕ್ರವಾರ ಬಂದರು. ನಾನು ಮುದ್ರಿಸಿದ ಹಾಳೆಗಳನ್ನು ಹರಡಿ, ಮಾಡಿದ ಪರಾಕ್ರಮವನ್ನೆಲ್ಲ ಹೇಳಿ, ಶಾಭಾಸ್ ಎನ್ನಲೆಂದು ಕಾದೆ. ಅವರು ಅನ್ನಲಿಲ್ಲ. "ತಂಗೀ, ಈ ಕಾಗ್ದ ನಾಳೆವರೆಗೆ ನನ್ನ ಹತ್ರ ಇರ್ಲಿ" ಎಂದು ಮಡಚಿ ಚೀಲಕ್ಕೆ ಹಾಕಿಕೊಂಡರು. ನನಗೆ ಸಿಟ್ಟೇ ಬಂತು.

ಶನಿವಾರ ಮೊದಲ ಬಸ್ಸಿಗೇ ಬಂದು, ನನಗೆ ಹೇಳಿಕಳಿಸಿ, ಪ್ರಯೋಗಾಲಯದಲ್ಲಿ ರಿಜಿಸ್ಟರಿನೊಡನೆ ಕೂತಿದ್ದರು. "ಈಗೀಗ ಕರೆಂಟು ಎಷ್ಟೊತ್ತಿಗೆ ಹೋತದೆ?" ಎಂದು ಕೇಳಿದರು. ಆ ತಿಂಗಳು ನಮ್ಮ ಭಾಗದಲ್ಲಿ ನಿತ್ಯವೂ ಐದಕ್ಕೆ ಸರಿಯಾಗಿ ಕರೆಂಟು ಹೋಗುತ್ತಿತ್ತು, ಅದು ಊರಿಗೇ ಗೊತ್ತು. ಸರ್ವರ್ ಒಂದಕ್ಕೆ ಮಾತ್ರ ಬ್ಯಾಟರಿಯ ಆಸರೆ. ಉಳಿದ ಇಪ್ಪತ್ತೂ ಆ ಕ್ಷಣವೇ ಆರುತ್ತಿದ್ದವು. "ಐದಕ್ಕೆ ಸರ್" ಎಂದೆ.

ಅವರು ನನ್ನದೇ ಹಾಳೆಯ ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. ಸೋಮವಾರ, ಏಳನೆಯ ಕಂಪ್ಯೂಟರು, ಐದು ಗಂಟೆ ಹತ್ತೊಂಬತ್ತು ನಿಮಿಷ.

"ಕರೆಂಟಿಲ್ದೇ ಇದು ಹೆಂಗೆ ನಡೀತು ತಂಗೀ?"

ಆ ಸಾಲನ್ನು ಮತ್ತೊಮ್ಮೆ ಓದಿದೆ. ಉತ್ತರ ಅವರಿಗೆ ಹಿಂದಿನ ಸಂಜೆಯೇ ಹೊಳೆದಿತ್ತು. ಎಡಗೈ ಚಾಚಿ ತಮ್ಮ ಗಡಿಯಾರವನ್ನು ಗೋಡೆ ಗಡಿಯಾರದ ಕಡೆಗೆ ಹಿಡಿದರು. ಇಪ್ಪತ್ತು ನಿಮಿಷ ಮುಂದಿತ್ತು. ಅದು ಮುಂದಿರುವುದು ನಮಗೇನೂ ಹೊಸದಲ್ಲ. ಹಾರವಾಡದ ಕಡೆಯ ಐದು ಮೂವತ್ತೈದರ ಬಸ್ಸು ತಪ್ಪಿದರೆ ಮತ್ತೆ ಏಳರವರೆಗೆ ಬಸ್ಸಿಲ್ಲವೆಂದು ಅವರು ಕೈಗಡಿಯಾರವನ್ನು ಯಾವಾಗಲೂ ಮುಂದೆಯೇ ಇಡುತ್ತಿದ್ದರು. ಗೌಡ್ರ ಗಂಟೆ ಎಂದು ನಾವು ಗೇಲಿ ಮಾಡುತ್ತಿದ್ದೆವು. ಅವರಿಗೆ ಇಪ್ಪತ್ತು ಕಳೆದು ನೋಡಿಕೊಳ್ಳುವುದು ಉಸಿರಾಡಿದಷ್ಟೇ ಅಭ್ಯಾಸವಾಗಿತ್ತು. ಆದರೆ ಸರ್ವರಿನ ಒಳಗೆ ಹೊತ್ತು ನೆನಪಿಡುವ ಪುಟ್ಟ ಬ್ಯಾಟರಿ ಸತ್ತು ಎಂಟು ತಿಂಗಳಾಗಿತ್ತು, ಹೊಸದಕ್ಕೆ ಬರೆದ ಅರ್ಜಿ ಎಲ್ಲೋ ಕೂತಿತ್ತು. ಸಂಜೆ ಆರಿಸಿದ ಸರ್ವರನ್ನು ಬೆಳಿಗ್ಗೆ ಹಚ್ಚಿದಾಗಲೆಲ್ಲ ಗಂಟೆ ತುಂಬಿಸಬೇಕು. ಗೌಡರು ಮಣಿಕಟ್ಟು ನೋಡಿ, ಕಂಡದ್ದನ್ನು ಕಂಡ ಹಾಗೆ ತುಂಬುತ್ತಿದ್ದರು. ಎಲ್ಲ ಲಾಗೂ ಅದೇ ಸರ್ವರಿನದಾದ್ದರಿಂದ ಒಂದಕ್ಕೊಂದು ಸರಿಹೊಂದುತ್ತಿದ್ದವು. ಗೋಡೆ ಗಡಿಯಾರ ನೋಡಿ ಬರೆದ ರಿಜಿಸ್ಟರನ್ನು ಪಕ್ಕಕ್ಕಿಟ್ಟು ನೋಡಿದವಳು ಎಂಟು ತಿಂಗಳಲ್ಲಿ ನಾನೊಬ್ಬಳೇ.

"ನಂದೇ ತಪ್ಪು" ಎಂದರು.

ನಾಲ್ಕು ಐವತ್ತೆರಡರಲ್ಲಿ ಇಪ್ಪತ್ತು ಕಳೆದರೆ ನಾಲ್ಕು ಮೂವತ್ತೆರಡು. ರಿಜಿಸ್ಟರ್ ಅವರ ಕೈಯಲ್ಲಿ ತೆರೆದೇ ಇತ್ತು. ಏಳನೆಯ ಕಂಪ್ಯೂಟರು, ನಾಲ್ಕು ಐದರಿಂದ ನಾಲ್ಕು ಮೂವತ್ತೈದರವರೆಗೆ. ಸಹಿ ನನ್ನದು.

ಎಲ್ಲ ನೆನಪಾಯಿತು. ಆ ಸಂಜೆ ನನ್ನ ವಿಷಯದಲ್ಲಿ ಅದೇ ತಂಡದ ಹನ್ನೊಂದು ಮಕ್ಕಳಿಗೆ ಪ್ರಯೋಗ ಪುಸ್ತಕದ ಐದಂಕ ಸೇರಿಸಲು ಕೂತಿದ್ದೆ. ವಿಷಯದ ಸಂಖ್ಯೆಯಲ್ಲಿ ಒಂದಂಕಿ ತಪ್ಪಾಗಿ ಒತ್ತಿದ್ದೆ. ಮರುದಿನ ನನ್ನ ವಿಷಯದಲ್ಲಿ ಅಂಕ ಸೇರಿಲ್ಲದ್ದು ಕಂಡು, ಸೇರಿಸಲು ಮರೆತೆನೇನೋ ಎಂದುಕೊಂಡು ಮತ್ತೊಮ್ಮೆ ಸೇರಿಸಿದ್ದೆ. ಕಳ್ಳರೇ ಇರಲಿಲ್ಲ. ಇದ್ದದ್ದು ನನ್ನ ಅವಸರದ ಬೆರಳು, ಮತ್ತು ಅದನ್ನು ದುರ್ಗಾಳ ತಲೆಗೆ ಕಟ್ಟಿದ ನನ್ನ ನಾಲಿಗೆ.

ಗೌಡರು ರಿಜಿಸ್ಟರ್ ಮುಚ್ಚಿದರು. "ಮೀಟಿಂಗಲ್ಲಿ ನೀ ಹೇಳ್ತ್ಯಾ, ನಾ ಹೇಳ್ಲಾ?" ಎಂದು ಕೇಳಿದರು. ಗದರಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಪಟ್ಟಿಯಲ್ಲಿದ್ದ ನನ್ನ ಹೆಸರು, ಮನೆ, ಮಾನ ಎಲ್ಲ ಒಟ್ಟಿಗೆ ಕಣ್ಣಿಗೆ ಕಟ್ಟಿತು. "ನೀವೇ ಹೇಳಿ ಸರ್" ಎಂದೆ.

ಸಭೆಯಲ್ಲಿ ಅವರು ಎದ್ದು ನಿಂತು ಮೊದಲು ನನ್ನ ಕಡೆ ನೋಡಿದರು. ಹೇಳುವುದಿದ್ದರೆ ಹೇಳು ಎಂದು ಬಿಟ್ಟುಕೊಟ್ಟ ಹೊತ್ತು ಅದು. ನನಗೆ ಅರ್ಥವಾಗಲಿಲ್ಲವೆಂದು ಇಂದು ಸುಳ್ಳು ಹೇಳಲಾರೆ. ನಾನು ಮೇಜಿನ ಗಾಜನ್ನು ನೋಡುತ್ತ ಕೂತೆ. ಆಗ ಅವರು ಮಾತಾಡಿದರು. ಸರ್ವರಿನ ಗಂಟೆ ಇಪ್ಪತ್ತು ನಿಮಿಷ ಮುಂದಿತ್ತು, ದುರ್ಗಾ ಕೂತದ್ದು ತಿದ್ದುಪಡಿ ಆದ ಮೇಲೆ, ಇದು ಮೋಸವಲ್ಲ, ವಿಷಯದ ಸಂಖ್ಯೆ ತಪ್ಪಿ ಆದದ್ದು ಎಂದು ಹಾಳೆ ತೋರಿಸಿ ಬಿಡಿಸಿ ಹೇಳಿದರು. ಹಾಗಾದರೆ ಆ ಹೊತ್ತಿಗೆ ಕೂತವರು ಯಾರು ಎಂದು ಅಧ್ಯಕ್ಷರು ಪಟ್ಟು ಹಿಡಿದರು.

"ಗಂಟೆ ಇಟ್ಟಂವ ನಾನು. ಎಲ್ಲಾರಿಗೂ ಒಂದೇ ಪಾಸ್‌ವರ್ಡ್ ಕೊಟ್ಟಂವನೂ ನಾನು. ಹೆಸ್ರು ಬೇಕಾರೆ ನಂದೇ ಬರ್ಕೊಳ್ಳಿ" ಎಂದರು ಗೌಡರು.

ಬರೆದುಕೊಂಡರು. ದುರ್ಗಾ ಉಳಿದಳು, ಜನವರಿಯಲ್ಲಿ ಕಾಯಮಾದಳು. ನಾನೂ ಕಾಯಮಾದೆ. ಏಪ್ರಿಲಿನಲ್ಲಿ ಗೌಡರಿಗೆ ಬರಬೇಕಿದ್ದ ಗಣಕ ಕೇಂದ್ರದ ಮುಖ್ಯಸ್ಥರ ಹುದ್ದೆ, ನಿರ್ಲಕ್ಷ್ಯದ ಕಾರಣ ಕೊಟ್ಟು, ಹೊರಗಿನವರೊಬ್ಬರ ಪಾಲಾಯಿತು. ಅವರದೇ ಕೈಯಿಂದ ಕಟ್ಟಿದ ಕೇಂದ್ರದಲ್ಲಿ, ಅವರಿಗಿಂತ ಇಪ್ಪತ್ತು ವರ್ಷ ಚಿಕ್ಕವರ ಕೈಕೆಳಗೆ, ಕೊನೆಯ ಮೂರು ವರ್ಷ ದುಡಿದರು. ಈ ಗ್ರಂಥದ ಬೇರೆ ಲೇಖನಗಳಲ್ಲಿ, ಅವರು ಯಾಕೆ ಮುಖ್ಯಸ್ಥರಾಗಲಿಲ್ಲವೆಂದು ಕೆಲವರು ಆಶ್ಚರ್ಯಪಟ್ಟಿರಬಹುದು. ಉತ್ತರ ಇಲ್ಲಿದೆ.

ಆಮೇಲೆ ಅವರು ಆ ಮಾತೆತ್ತಲಿಲ್ಲ. ಪ್ರತಿಯೊಬ್ಬರಿಗೂ ಬೇರೆ ಬೇರೆ ಪಾಸ್‌ವರ್ಡ್ ಮಾಡಿದರು, ಸರ್ವರಿನ ಗಂಟೆಯನ್ನು ಅಂತರ್ಜಾಲದ ಗಂಟೆಗೆ ಜೋಡಿಸಿದರು. ಜರಡಿಯನ್ನೂ ತಿದ್ದಿದರು. ಈಗ ಅದು ಲಾಗ್ ತೆರೆದ ಕೂಡಲೇ ಪಟ್ಟಿ ಕೊಡುವುದಿಲ್ಲ. ಆ ದಿನ ನಡೆದ, ಹೊತ್ತು ಖಚಿತವಾಗಿ ಗೊತ್ತಿರುವ ಒಂದು ಹೊರಗಿನ ಘಟನೆಯನ್ನು ಮೊದಲು ಕೇಳುತ್ತದೆ. ಕರೆಂಟು ಹೋದದ್ದೋ, ಗಂಟೆ ಹೊಡೆದದ್ದೋ, ಏನಾದರೂ. ಅದರೊಡನೆ ಲಾಗ್ ಹೊಂದದಿದ್ದರೆ ಮುಂದೆ ಹೋಗುವುದಿಲ್ಲ. ಜೊತೆಗಿರುವ ಟಿಪ್ಪಣಿಯಲ್ಲಿ ಅವರು ತಮ್ಮ ಕೈಗಡಿಯಾರದ ಕಥೆಯನ್ನು ಪೂರ್ತಿ ಬರೆದಿದ್ದಾರೆ. ಅದರಲ್ಲೂ ನನ್ನ ಹೆಸರಿಲ್ಲ.

ನಾನು ಆ ವರ್ಷಗಳಲ್ಲಿ ದುರ್ಗಾಳೊಂದಿಗೆ ದಿನವೂ ಕೆಲಸ ಮಾಡಿದೆ. ಅವಳು ಎಲೆಯಲ್ಲಿ ಬೇಯಿಸಿ ತಂದ ಕೊಟ್ಟೆ ರೊಟ್ಟಿ ತಿಂದೆ, ಅವಳ ಮದುವೆಗೆ ಹೋಗಿ ಉಂಡು ಬಂದೆ. ಹೇಳಬೇಕೆಂದು ಬಾಯಿ ತೆರೆದು, ಬೇರೆ ಏನೋ ಕೇಳಿ ಮುಚ್ಚಿಕೊಂಡ ದಿನಗಳಿಗೆ ಲೆಕ್ಕವಿಲ್ಲ. ನಾಚಿಕೆ ಹಳೆಯದಾದಷ್ಟೂ ಹೇಳುವುದು ಕಷ್ಟ. ಅದು ನನಗೆ ಚೆನ್ನಾಗಿ ಗೊತ್ತು.

ಈ ಲೇಖನವನ್ನು ಮೂರನೆಯ ಸಲ ಹರಿದ ಮೇಲೆ, ಕಳೆದ ಭಾನುವಾರ ತೋಡೂರಿಗೆ ಹೋದೆ. ದುರ್ಗಾ ಹಿತ್ತಲಲ್ಲಿ ಬಂಗಡೆ ಮೀನು ಕೊಯ್ಯುತ್ತ ಕೂತಿದ್ದಳು. ನಾನು ನಿಂತೇ ಎಲ್ಲ ಹೇಳಿದೆ. ಅವಳು ಕತ್ತಿ ನಿಲ್ಲಿಸಲಿಲ್ಲ.

"ಅದು ನಂಗೆ ಅವತ್ತಿಂದ್ಲೇ ಗೊತ್ತದೆ ಅಕ್ಕೋರೇ" ಎಂದಳು. "ಮೀಟಿಂಗ್ ಮುಗಿದ ಸಂಜೆಗೇ ಗೌಡ ಮಾಸ್ತರು ಬಂದು ಹೇಳಿದ್ರು. ನಿನ್ನ ಮೇಲೆ ಬಂದ ಮಾತು, ನಿಂಗೆ ಗೊತ್ತಿರ್ಬೇಕು, ಮತ್ಯಾರಿಗೂ ಬೇಡ ಅಂದ್ರು. ಅವ್ಳು ತಾನಾಗೇ ಬಂದು ಹೇಳ್ತ್ಳು, ಅಲ್ಲಿವರೆಗೆ ನೀ ಕೇಳೂಕೆ ಹೋಗ್ಬೇಡ ಅಂದ್ರು."

ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ.

"ಸುಳ್ಳೆಂತಕ್ಕೆ, ನಂಗೆ ನಿಮ್ಮ ಮೇಲೆ ಸಿಟ್ಟಿತ್ತು. ಒಂದ್ ವರ್ಷ ಕಾದೆ, ಮತ್ತೆ ಕಾಯೂದು ಬಿಟ್ಟೆ. ಮಾಸ್ತರು ಬಿಡ್ಲಿಲ್ಲ. ಪ್ರತಿ ಡಿಸೆಂಬರಿಗೂ ಒಂದ್ ಸಲ ನನ್ನ ಟೇಬಲ್ ಹತ್ರ ಬಂದು, ಹೇಳಿದ್ಳಾ ಅಂತ ಕೇಳೂದು. ಇಲ್ಲ ಮಾಸ್ತರೆ ಅಂದ್ರೆ, ಹೇಳ್ತ್ಳು ತಗ ಅಂತ ಹೋಗೂದು. ಹೋದ ಡಿಸೆಂಬರಿಗೂ ಬಂದಿದ್ರು." ಅವಳು ಕೈ ತೊಳೆದುಕೊಂಡು ಒಳಗೆ ಹೋಗಿ ನನಗೆ ಚಹ ತಂದಳು.

ಆ ಮಾತು ಕೇಳಿದಂದಿನಿಂದ ಸರಿಯಾಗಿ ನಿದ್ದೆಯಿಲ್ಲ. ಅವರು ನನ್ನನ್ನು ಕಾಪಾಡಿ ಮರೆತರೆಂದು ತಿಳಿದಿದ್ದೆ. ಮರೆತಿರಲಿಲ್ಲ, ನನ್ನ ಮೇಲಿನ ಭರವಸೆಯನ್ನು ವರ್ಷ ವರ್ಷವೂ ತೆಗೆದು ನೋಡಿ ಮತ್ತೆ ಇಟ್ಟುಕೊಳ್ಳುತ್ತಿದ್ದರು. ಇಷ್ಟು ಕಾಯುವಷ್ಟು ನಾನು ಯೋಗ್ಯಳೇ ಎಂಬುದು ನನಗೆ ಗೊತ್ತಿಲ್ಲ.

ಹಾರವಾಡದ ಗಾಳಿ ಮಾಬ್ಲೇಶ್ವರ ಗೌಡರಿಗೆ ಆರೋಗ್ಯವನ್ನು ಕೊಡಲಿ, ಹಿತ್ತಲಿನ ಈಶಾಡು ಮರ ವರ್ಷ ವರ್ಷವೂ ತುಂಬಲಿ, ಜರಡಿಯ ಮುಂದಿನ ಆವೃತ್ತಿಗಳು ಅವರ ಕೈಯಿಂದಲೇ ಹೊರಬೀಳಲಿ, ಇನ್ನೂ ಎಷ್ಟೋ ಮಕ್ಕಳು ಅವರ ಬಳಿ ಕೂತು ನಿಧಾನವಾಗಿ ಓದುವುದನ್ನು ಕಲಿಯಲಿ ಎಂದು ಶಿಷ್ಯೆಯಾಗಿ ಮನಸಾರೆ ಹಾರೈಸುತ್ತೇನೆ. ನೂರು ಡಿಸೆಂಬರು ಕಾಣಿ ಸರ್. ಬರುವ ಡಿಸೆಂಬರಿನಲ್ಲಿ ಒಮ್ಮೆ ಕಾರವಾರಕ್ಕೆ ಬಂದು, ದುರ್ಗಾಳ ಟೇಬಲಿನ ಹತ್ತಿರ ನಿಂತು, ಆ ಪ್ರಶ್ನೆಯನ್ನು ಇನ್ನೊಂದು ಸಲ ಕೇಳಿ. ಹೌದು ಎನ್ನುತ್ತಾಳೆ.